ಬೆಕ್ಕಿನ ಆಹಾರದ ಚೀಟಿಯನ್ನು ಓದುವ ಕ್ರಮ

ಕಣಜದ ಇಲಿಗಳನ್ನು ಹಿಡಿಯಲೆಂದು ಸಾಕಿದ ಬೆಕ್ಕಿಗೆ ಹಾಲು ಅನ್ನಗಳಿದ್ದರೆ ಸಾಕೆಂಬುದು ಅನೇಕರ ಭಾವನೆ. ಇದು ಸರಿಯಲ್ಲ. ಬೆಕ್ಕು ಮಾಂಸವನ್ನೇ ಅವಲಂಬಿಸಿದ ಪ್ರಾಣಿ. ಮಾಂಸದಲ್ಲಿರುವ ಟಾರೀನ್ ಎಂಬ ಪದಾರ್ಥವನ್ನು ಅದರ ದೇಹವು ಸಾಕಷ್ಟು ಉತ್ಪತ್ತಿಮಾಡಿಕೊಳ್ಳಲಾರದು. ಇದರ ಕೊರತೆಯಿಂದ ಬೆಕ್ಕಿನ ಕಣ್ಣು ಕೆಡುವುದೆಂದು 1975ರಲ್ಲಿಯೂ, ಹೃದಯವು ಹಿಗ್ಗಿ ದುರ್ಬಲವಾಗುವುದೆಂದು 1987ರಲ್ಲಿಯೂ ಅಮೆರಿಕದ ವಿದ್ವಾಂಸರು ಪ್ರಕಟಿಸಿದರು. ಹೃದಯರೋಗ ತಗುಲಿದ ಬೆಕ್ಕುಗಳು ಅಂಗಡಿಯ ಆಹಾರವನ್ನೇ ತಿಂದಿದ್ದವೆಂಬುದು ಗಮನಿಸತಕ್ಕ ವಿಷಯ. ತರುವಾಯವೇ ತಯಾರಕರು ಟಾರೀನನ್ನು ಹೆಚ್ಚಿಸಿದರು.

ಆದಕಾರಣ ಕೊಳ್ಳುವವರು ಚೀಟಿಯನ್ನು ಓದತಕ್ಕದ್ದು. ಮೀನಿನ ಚಿತ್ರವನ್ನು ಅಚ್ಚುಹಾಕಿಸಿರುವುದು ಕೊಳ್ಳುವವನ ಕಣ್ಣಿಗಾಗಿ. ಅದನ್ನು ಲೆಕ್ಕಕ್ಕೆ ಹಿಡಿಯಬೇಕಾದುದಿಲ್ಲ. 'ಸಂಪೂರ್ಣ ಆಹಾರ'ವೆಂಬ ಒಕ್ಕಣೆ ಇದೆಯೇ, ಟಾರೀನ್ ಸೇರಿದೆಯೇ, ಪದಾರ್ಥಗಳ ಪಟ್ಟಿಯ ಮೊದಲಿಗೆ ಮಾಂಸವೋ ಮೀನೋ ಇದೆಯೇ ಎಂಬುದನ್ನು ನೋಡುವುದು. ಪಟ್ಟಿಯು ತೂಕದ ಇಳಿಕೆಯ ಕ್ರಮದಲ್ಲಿರುತ್ತದೆ. ಹಸಿ ಮಾಂಸದ ತೂಕದಲ್ಲಿ ನೀರೇ ಬಹುಭಾಗವೆಂಬುದನ್ನೂ ಮರೆಯಕೂಡದು.

ಪ್ರೋಟೀನಿನ ಅಂಕಿಯಲ್ಲಿ ಮೋಸಹೋಗುವವರು ಬಹಳ. ಡಬ್ಬಿಯ ಆಹಾರದಲ್ಲಿ ಪ್ರೋಟೀನು ಶೇಕಡ 10, ನೀರು ಶೇಕಡ 78 ಎಂದಿರಲಿ. ನೀರನ್ನು ಕಳೆದರೆ ಉಳಿಯುವ ಒಣಭಾಗ 22. ಅದರಲ್ಲಿ 10 ಎಂದರೆ ಶೇಕಡ 45. ಚೀಲದ ಒಣ ಆಹಾರದಲ್ಲಿ ಪ್ರೋಟೀನು 30, ನೀರು 10 ಇದ್ದರೆ, 90ಕ್ಕೆ 30ರಂತೆ ಶೇಕಡ 33 ಮಾತ್ರ. ಅಮೆರಿಕದ ಅಳತೆಯ ಪ್ರಕಾರ ಒಣಭಾಗದಲ್ಲಿ ಬೆಳೆದ ಬೆಕ್ಕಿಗೆ 26, ಮರಿಗೆ 30 ಕನಿಷ್ಠ ಪ್ರಮಾಣ.

ನಾಯಿಯ ದೇಹವು ಟಾರೀನನ್ನು ತಾನೇ ತಯಾರಿಸಿಕೊಳ್ಳಬಲ್ಲುದಾದ್ದರಿಂದ ಅದರ ಆಹಾರಕ್ಕೆ ಆ ಕಟ್ಟಳೆಯಿಲ್ಲ. ಮನೆಯ ನಾಯಿಬೆಕ್ಕುಗಳೆರಡಕ್ಕೂ ನಾಯಿಯ ಚೀಲದಿಂದಲೇ ಹಾಕುವ ರೂಢಿಯನ್ನು ಬಿಡತಕ್ಕದ್ದು.