ಮನೆಯ ಹಲಗೆಯ ಮೇಲೆ ಘಟ್ಟದ ರೈಲು

ದೊಡ್ಡ ವಸ್ತುವಿನ ಸಣ್ಣ ಪ್ರತಿರೂಪವನ್ನು ಮಾಡಿ ಆನಂದಿಸುವುದು ಮನುಷ್ಯನ ಬಹು ಹಳೆಯ ಹವ್ಯಾಸ. ಮಾದರಿ ರೈಲು ಅಂಥ ಹವ್ಯಾಸಗಳಲ್ಲೊಂದು. ಅದನ್ನು ಬರಿಯ ಮಕ್ಕಳಾಟವೆಂದು ತಿಳಿಯುವವರುಂಟು. ಆದರೆ ಅಳತೆಯನ್ನು ಬಿಡದೆ, ಲೆಕ್ಕವಿಟ್ಟು ಕಟ್ಟಿದ ಮಾದರಿ ಮನೆಯೊಳಗಿನ ಪ್ರಯೋಗಶಾಲೆಯೇ ಆಗಬಲ್ಲುದು. ವಸ್ತುವನ್ನು ಕಿರಿದುಗೊಳಿಸಿದಾಗ ಅದರ ಯಾವ ಗುಣಗಳು ಕಿರಿದಾಗುತ್ತವೆ, ಯಾವುವು ಹಾಗೆಯೇ ಉಳಿಯುತ್ತವೆ ಎಂಬ ಪ್ರಶ್ನೆಗೆ ಅದು ಉತ್ತರ ಕೊಡುತ್ತದೆ.

ಇಂಥ ಮಾದರಿಗೆ ತಕ್ಕ ಮಾರ್ಗ ನಮ್ಮ ನೆರೆಯಲ್ಲಿಯೇ ಇದೆ. ಕಬಕ-ಪುತ್ತೂರು, ಕಾಣಿಯೂರು, ಎಡಮಂಗಲಗಳನ್ನು ದಾಟಿ ಬಂದ ರೈಲು ಕಡಬ ತಾಲೂಕಿನ ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣದಿಂದ ಮುಂದೆ ಘಟ್ಟವನ್ನು ಏರತೊಡಗುತ್ತದೆ. ಸುಳ್ಯ ಪೇಟೆಗೆ ರೈಲುಮಾರ್ಗವಿಲ್ಲವಾದರೂ ಅಲ್ಲಿಯ ವಿದ್ಯಾರ್ಥಿಗಳಿಗೂ ಈ ಮಾರ್ಗ ಪರಿಚಿತವೇ. ಸುಬ್ರಹ್ಮಣ್ಯ ರೋಡಿನಿಂದ ಸಕಲೇಶಪುರದವರೆಗಿನ ಸುಮಾರು 55 ಕಿ.ಮೀ. ದಾರಿಯಲ್ಲಿ 57 ಸುರಂಗಗಳೂ ಅನೇಕ ಸೇತುವೆಗಳೂ ಇವೆ. 1979ರಲ್ಲಿ ಮೀಟರ್ ಗೇಜಿನ ಮಾರ್ಗವಾಗಿ ತೆರೆದ ಇದು ಅನಂತರ ಬ್ರಾಡ್ ಗೇಜಿಗೆ ಪರಿವರ್ತನೆಯಾಯಿತು. ಘಟ್ಟದಲ್ಲಿ ಪ್ರಯಾಣಿಕರ ಗಾಡಿಗಳು ಮತ್ತೆ ಓಡತೊಡಗಿದ್ದು 2007ರ ಡಿಸೆಂಬರಿನಲ್ಲಿ. ಇಲ್ಲಿಯ ಕಡಿದಾದ ಏರು 50ಕ್ಕೆ 1. ಎಂದರೆ 50 ಮೀಟರು ಮುಂದೆ ಹೋದಾಗ ಹಳಿ 1 ಮೀಟರು ಮೇಲೇರುತ್ತದೆ.

ಅಳತೆಯ ನಿರ್ಧಾರ

ಹವ್ಯಾಸಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆ ‘ಎಚ್‌ಓ’. ಇದರಲ್ಲಿ ನಿಜವಾದ 87 ಅಂಗುಲ ಮಾದರಿಯಲ್ಲಿ 1 ಅಂಗುಲ. ಇದರ ಎರಡು ಹಳಿಗಳ ನಡುವಣ ಅಂತರ 16.5 ಮಿ.ಮೀ. ಅದನ್ನು 87ರಿಂದ ಗುಣಿಸಿದರೆ ಸುಮಾರು 1435 ಮಿ.ಮೀ. ಬರುತ್ತದೆ. ಇದು ಯೂರೋಪಿನ ಹೆಚ್ಚಿನ ದೇಶಗಳ ಗೇಜು. ನಮ್ಮ ಬ್ರಾಡ್ ಗೇಜಿನ ಅಗಲ 1676 ಮಿ.ಮೀ. ಆದುದರಿಂದ ನಮ್ಮ ಹಳಿಗಳು ಈ ಅಳತೆಯಲ್ಲಿ 19.3 ಮಿ.ಮೀ. ಅಂತರದಲ್ಲಿರಬೇಕು. ಅಂಥ ಹಳಿ ಸಿದ್ಧವಾಗಿ ಸಿಗುವುದು ಕಷ್ಟ. 16.5 ಮಿ.ಮೀ. ಹಳಿಯನ್ನೇ ಬಳಸಿ, ಅದು ತುಸು ಕಿರಿದೆಂಬುದನ್ನು ಒಪ್ಪಿಕೊಂಡು ಮುಂದುವರಿಯುವುದು ಸುಲಭವಾದ ಮಾರ್ಗ.

ಇನ್ನು ಉದ್ದದ ವಿಚಾರ. 55 ಕಿ.ಮೀ. ದಾರಿಯನ್ನು 87ರಿಂದ ಭಾಗಿಸಿದರೂ 632 ಮೀಟರು ಉಳಿಯುತ್ತದೆ! ಯಾರ ಮನೆಯ ಚಾವಡಿಯೂ ಇದಕ್ಕೆ ಸಾಲದು. ಆದುದರಿಂದ ಒಂದು ನಿಲ್ದಾಣ, ಒಂದು ಸುರಂಗ, ಒಂದು ಸೇತುವೆ, ಇಷ್ಟನ್ನೇ ಆರಿಸಿಕೊಳ್ಳೋಣ.

ಹಲಗೆ, ಹಳಿ ಮತ್ತು ಗುಡ್ಡ

ಎಂಟಡಿ ಉದ್ದ ನಾಲ್ಕಡಿ ಅಗಲದ ಪ್ಲೈವುಡ್ ಹಲಗೆಯನ್ನು ತೆಗೆದುಕೊಂಡು ಕೆಳಗೆ ಮರದ ಚೌಕಟ್ಟು ಕೊಡಬೇಕು. ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಬರಿಯ ಹಲಗೆ ಡೊಂಕಾಗುತ್ತದೆ. ಎರಡೂ ಬದಿಗೆ ಬಣ್ಣ ಬಳಿಯುವುದು ಅವಶ್ಯ. ಉಕ್ಕಿನ ಹಳಿಗಳಿಗೆ ತುಕ್ಕು ಹಿಡಿಯುವುದರಿಂದ ನಿಕಲ್ ಸಿಲ್ವರ್ ಎಂಬ ಮಿಶ್ರಲೋಹದ ಹಳಿಗಳು ಮೇಲು.

ಹಲಗೆಯ ಮೇಲೆ 50 ಸೆ.ಮೀ. ತ್ರಿಜ್ಯದ ಎರಡು ಅರ್ಧವೃತ್ತಗಳನ್ನೂ ಅವುಗಳನ್ನು ಸೇರಿಸುವ 120 ಸೆ.ಮೀ. ಉದ್ದದ ಎರಡು ನೇರ ಹಳಿಗಳನ್ನೂ ಇಟ್ಟರೆ ಒಟ್ಟು ಸುತ್ತು ಸುಮಾರು 554 ಸೆ.ಮೀ. ಆಗುತ್ತದೆ. ಇದರಲ್ಲಿ ನಿಲ್ದಾಣಕ್ಕಾಗಿ ಸುಮಾರು 150 ಸೆ.ಮೀ. ಸಮತಲವಾಗಿ ಬಿಡೋಣ. ಉಳಿದ 400 ಸೆ.ಮೀ.ನಲ್ಲಿ ಅರ್ಧ ಏರು, ಅರ್ಧ ಇಳಿತ. 50ಕ್ಕೆ 1ರಂತೆ 200 ಸೆ.ಮೀ.ಗೆ 4 ಸೆ.ಮೀ. ಏರಬಹುದು. ಪ್ರತಿ 25 ಸೆ.ಮೀ.ಗೆ ಅರ್ಧ ಸೆ.ಮೀ.ನಂತೆ ಎತ್ತರ ಹೆಚ್ಚುತ್ತ ಹೋಗುವ ಮರದ ತುಂಡುಗಳನ್ನು ಹಳಿಯಡಿಗೆ ಕೊಟ್ಟರೆ ಏರು ಸಿದ್ಧವಾಗುತ್ತದೆ.

ಇಲ್ಲೊಂದು ಗಮನಾರ್ಹ ಸಂಗತಿ ಇದೆ. ಉದ್ದವನ್ನು 87 ಪಾಲು ಕಿರಿದುಗೊಳಿಸಿದೆವು, ಏರನ್ನು ಕಿರಿದುಗೊಳಿಸಲಿಲ್ಲ. ಏಕೆಂದರೆ ಏರು ಎರಡು ಉದ್ದಗಳ ಅನುಪಾತ. ಎತ್ತರವೂ ದೂರವೂ ಒಂದೇ ಪ್ರಮಾಣದಲ್ಲಿ ಕುಗ್ಗಿದಾಗ ಅನುಪಾತ ಬದಲಾಗದು.

ಗುಡ್ಡಕ್ಕೆ ತಂತಿಬಲೆಯ ಮೇಲೆ ಹಳೆಯ ವೃತ್ತಪತ್ರಿಕೆಯನ್ನು ಮೈದಾ ಅಂಟಿನಿಂದ ಪದರಪದರವಾಗಿ ಹಚ್ಚಿದರಾಯಿತು. ಮುರಕಲ್ಲಿನ ಹುಡಿ ಮಣ್ಣಾಗುತ್ತದೆ. ಹಸುರು ಬಣ್ಣದಲ್ಲಿ ಅದ್ದಿ ಒಣಗಿಸಿದ ಮರದ ಹುಡಿ ಕಾಡಾಗುತ್ತದೆ. ತಿರುವಿನಲ್ಲಿ ಬೋಗಿಯ ಮೂಲೆಗಳು ಹಳಿಯಿಂದ ಹೊರಕ್ಕೆ ಚಾಚುವುದರಿಂದ ಸುರಂಗದ ಬಾಯಿಯನ್ನು ಅಗಲವಾಗಿ ಇಡಬೇಕು.

ಎಂಜಿನಿನ ಮೋಟಾರಿಗೆ ಬೇಕಾದುದು 12 ವೋಲ್ಟಿನ ಏಕಮುಖ ವಿದ್ಯುತ್ತು. ಅದು ಒಂದು ಹಳಿಯಿಂದ ಚಕ್ರದ ಮೂಲಕ ಮೋಟಾರಿಗೆ ಹೋಗಿ ಇನ್ನೊಂದು ಹಳಿಯಿಂದ ಹಿಂದಿರುಗುತ್ತದೆ. ಧನ-ಋಣಗಳನ್ನು ಅದಲುಬದಲು ಮಾಡಿದರೆ ಗಾಡಿ ಹಿಂದಕ್ಕೆ ಓಡುತ್ತದೆ. ಅಂಗಡಿಯಲ್ಲಿ ದೊರೆಯುವ ಸಿದ್ಧ ಟ್ರಾನ್ಸ್‌ಫಾರ್ಮರನ್ನೇ ಬಳಸಬೇಕು. ಮನೆಯ 230 ವೋಲ್ಟಿನ ತಂತಿಯನ್ನು ಹಳಿಗೆ ಎಂದಿಗೂ ಜೋಡಿಸಬಾರದು.

ಎಷ್ಟು ಬೋಗಿ ಏರಬಲ್ಲುದು?

ಈಗ ಪ್ರಯೋಗ. ನೇರ ಹಳಿಯೊಂದರ ಮೇಲೆ ಒಂಟಿ ಬೋಗಿಯನ್ನಿಟ್ಟು ಹಳಿಯ ಒಂದು ತುದಿಯನ್ನು ಮೆಲ್ಲಗೆ ಎತ್ತಿರಿ. ಮೆಲ್ಲಗೆ ತಟ್ಟಿದ ಬೋಗಿ ನಿಲ್ಲದೆ, ವೇಗವನ್ನೂ ಹೆಚ್ಚಿಸಿಕೊಳ್ಳದೆ ಒಂದೇ ಸಮನೆ ಉರುಳುವ ಇಳಿಜಾರೇ ಅದರ ಘರ್ಷಣೆಯ ಅಳತೆ. ಅದು 50ಕ್ಕೆ 1 ಎಂದು ಕಂಡುಬಂದಿತೆನ್ನೋಣ. ಎಂದರೆ 100 ಗ್ರಾಂ ಬೋಗಿಯನ್ನು ಸಮತಲದಲ್ಲಿ ಎಳೆಯಲು 2 ಗ್ರಾಂ ಭಾರದಷ್ಟು ಬಲ ಸಾಕು.

ಎಂಜಿನಿನ ತೂಕ 200 ಗ್ರಾಂ, ಹಳಿಯ ಮೇಲೆ ಅದರ ಚಕ್ರಗಳ ಹಿಡಿತ ತೂಕದ ಐದನೆಯ ಒಂದು ಪಾಲು ಎಂದಿಟ್ಟುಕೊಂಡರೆ ಅದು 40 ಗ್ರಾಂ ಭಾರದಷ್ಟು ಎಳೆಯಬಲ್ಲುದು. ಸಮತಲದಲ್ಲಿ 20 ಬೋಗಿಗಳು. ಏರಿನಲ್ಲಿ ಎಂಜಿನು ತನ್ನನ್ನು ತಾನು ಎತ್ತಿಕೊಳ್ಳಲು 4 ಗ್ರಾಂ ಬಲ ಬೇಕು, ಉಳಿಯುವುದು 36. ಪ್ರತಿ ಬೋಗಿಗೆ ಘರ್ಷಣೆಯ 2, ಏರಿನ 2, ಒಟ್ಟು 4. ಆದುದರಿಂದ 9 ಬೋಗಿಗಳು ಮಾತ್ರ. ಅದಕ್ಕಿಂತ ಒಂದು ಹೆಚ್ಚಾದರೂ ಮೋಟಾರಿನ ಶಕ್ತಿ ಎಷ್ಟೇ ಇರಲಿ, ಚಕ್ರಗಳು ನಿಂತಲ್ಲಿಯೇ ಜಾರುತ್ತವೆ.

ನಿಜವಾದ ರೈಲಿನಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು. ಉಕ್ಕಿನ ಹಳಿಯ ಮೇಲೆ ಉರುಳುವ ಬೋಗಿಗೆ ಘರ್ಷಣೆ ಬಹಳ ಕಡಿಮೆ. ನಿಧಾನ ವೇಗದಲ್ಲಿ ಟನ್ನಿಗೆ ಸುಮಾರು 2.5 ಕಿ.ಗ್ರಾಂ ಬಲ ಸಾಕೆನ್ನಬಹುದು. 50ಕ್ಕೆ 1ರ ಏರು ಅದಕ್ಕೆ ಟನ್ನಿಗೆ 20 ಕಿ.ಗ್ರಾಂ ಕೂಡಿಸುತ್ತದೆ. ಮಾದರಿಯಲ್ಲಿ ಏರು ಹೊರೆಯನ್ನು ಇಮ್ಮಡಿ ಮಾಡಿದರೆ ನಿಜದಲ್ಲಿ ಒಂಬತ್ತು ಪಟ್ಟು ಮಾಡುತ್ತದೆ! ಘಟ್ಟದಲ್ಲಿ ಗಾಡಿಗೆ ಹೆಚ್ಚಿನ ಎಂಜಿನುಗಳನ್ನು ಏಕೆ ಜೋಡಿಸುತ್ತಾರೆಂಬುದು ಈಗ ಸ್ಪಷ್ಟ.

ಇಳಿಯುವ ಗಾಡಿ

ಏರುವುದಕ್ಕಿಂತ ಇಳಿಯುವುದು ಕಷ್ಟ. ಗಂಟೆಗೆ 30 ಕಿ.ಮೀ., ಎಂದರೆ ಸೆಕೆಂಡಿಗೆ 8.33 ಮೀಟರು ವೇಗದ ಗಾಡಿಗೆ ಬ್ರೇಕು ಹಾಕಿದಾಗ ವೇಗ ಪ್ರತಿ ಸೆಕೆಂಡಿಗೆ 0.3 ಮೀಟರಿನಂತೆ ಕುಂದುತ್ತದೆಂದು ಊಹಿಸೋಣ. ವೇಗದ ವರ್ಗವನ್ನು ಈ ಕುಂದಿನ ಇಮ್ಮಡಿಯಿಂದ ಭಾಗಿಸಿದರೆ, ಗಾಡಿ ಸಮತಲದಲ್ಲಿ ಸುಮಾರು 116 ಮೀಟರು ಸಾಗಿ ನಿಲ್ಲುತ್ತದೆ. ಆದರೆ 50ಕ್ಕೆ 1ರ ಇಳಿಜಾರಿನಲ್ಲಿ ಗುರುತ್ವವು ಗಾಡಿಯನ್ನು ಸುಮಾರು 0.2ರಂತೆ ಮುಂದಕ್ಕೆ ನೂಕುತ್ತಿರುತ್ತದೆ. ಬ್ರೇಕಿಗೆ ಉಳಿಯುವುದು 0.1 ಮಾತ್ರ, ದೂರ 347 ಮೀಟರಾಗುತ್ತದೆ. ಮಳೆಗೆ ಹಳಿ ಜಾರಾಗಿಯೋ ಬ್ರೇಕು ಕೆಟ್ಟೋ 0.3 ಎಂಬುದು 0.2ಕ್ಕೆ ಇಳಿದರೆ ಗಾಡಿ ನಿಲ್ಲುವುದೇ ಇಲ್ಲ. ಘಟ್ಟದ ಮಾರ್ಗಗಳಲ್ಲಿ ಹತೋಟಿ ತಪ್ಪಿದ ಗಾಡಿಯನ್ನು ಬದಿಯ ಏರಿಗೆ ತಿರುಗಿಸಿ ನಿಲ್ಲಿಸುವ ‘ಕ್ಯಾಚ್ ಸೈಡಿಂಗ್’ ಎಂಬ ಕವಲುಹಳಿ ಇರುವುದು ಇದಕ್ಕಾಗಿಯೇ.

ನಮ್ಮ ಮಾದರಿ ಈ ಅಪಾಯವನ್ನು ತೋರಿಸಲಾರದು. ವೇಗವನ್ನೂ 87 ಪಾಲು ಕಿರಿದುಗೊಳಿಸಿ ಸೆಕೆಂಡಿಗೆ 9.6 ಸೆ.ಮೀ.ನಂತೆ ಉರುಳಿಬಿಟ್ಟ ಬೋಗಿ ಸಮತಲದಲ್ಲಿ, ಬ್ರೇಕಿಲ್ಲದೆಯೇ, ಸುಮಾರು 2.3 ಸೆ.ಮೀ. ಸಾಗಿ ನಿಲ್ಲುತ್ತದೆ, ನಿಜದ ಅಳತೆಯಲ್ಲಿ ಅದು ಬರಿಯ 2 ಮೀಟರು. ನಿಲ್ಲುವ ದೂರ ವೇಗದ ವರ್ಗವನ್ನು ಅನುಸರಿಸುತ್ತದೆ. ವೇಗ 87 ಪಾಲು ಕುಗ್ಗಿದರೆ ಆ ದೂರ 87ರ ವರ್ಗದಷ್ಟು, ಎಂದರೆ 7569 ಪಾಲು ಕುಗ್ಗುತ್ತದೆ. ಗುರುತ್ವವಾದರೋ ಕಿಂಚಿತ್ತೂ ಕುಗ್ಗುವುದಿಲ್ಲ.

ಗುಡ್ಡದ ವಿಚಾರವೂ ಹೀಗೆಯೇ. ಅಳತೆ ಕುಗ್ಗಿದಾಗ ತೂಕ ಘನದ ಪ್ರಮಾಣದಲ್ಲಿಯೂ ಬಲ ವರ್ಗದ ಪ್ರಮಾಣದಲ್ಲಿಯೂ ಕುಗ್ಗುತ್ತದೆಂಬುದನ್ನು ಗೆಲಿಲಿಯೋ 1638ರಷ್ಟು ಹಿಂದೆಯೇ ವಿವರಿಸಿದ್ದನು. ಆದುದರಿಂದ ಅಂಗೈಯಷ್ಟರ ಮಣ್ಣಿನ ಗುಡ್ಡ ನೆಟ್ಟಗೆ ಕಡಿದರೂ ನಿಲ್ಲುತ್ತದೆ. ನೀರು ಕುಡಿದ ಹಿರಿಯ ಗುಡ್ಡ ನಿಲ್ಲದು. 2018ರ ಆಗಸ್ಟಿನಲ್ಲಿಯೂ 2024ರ ಜುಲೈಯಲ್ಲಿಯೂ ಇದೇ ಘಟ್ಟದಲ್ಲಿ ಭೂಕುಸಿತವಾಗಿ ರೈಲುಸಂಚಾರ ನಿಂತುಹೋಗಿತ್ತು.

ಹೀಗೆ ಮಾದರಿಯು ಆಕಾರದಲ್ಲಿ ಸತ್ಯ, ಚಲನೆಯಲ್ಲಿ ಸತ್ಯವಲ್ಲ. ಎಲ್ಲಿಯವರೆಗೆ ಅದನ್ನು ನಂಬಬಹುದೆಂದು ಲೆಕ್ಕ ಹೇಳುತ್ತದೆ. ಕೊನೆಯದಾಗಿ ವಾಚಕರಿಗೊಂದು ಪ್ರಶ್ನೆ: ಮಾದರಿಯ ಸೇತುವೆಯಿಂದ ಬಿದ್ದ ಕಲ್ಲು ನಿಜವಾದ ಸೇತುವೆಯಿಂದ ಬಿದ್ದಂತೆಯೇ ಕಾಣಬೇಕಾದರೆ, ಅದರ ಚಲನಚಿತ್ರವನ್ನು ತೆಗೆದು ಎಷ್ಟು ಪಟ್ಟು ನಿಧಾನವಾಗಿ ತೋರಿಸಬೇಕು? 87ರ ವರ್ಗಮೂಲ ಸುಮಾರು 9.3 ಎಂಬುದನ್ನು ನೆನಪಿಟ್ಟು, ಬೀಳುವ ವಸ್ತುವಿನ ಸೂತ್ರದಿಂದ ಉತ್ತರವನ್ನು ಸಾಧಿಸಿ ನೋಡಿರಿ.