ಘಟಕಕ್ಕಿಂತ ಮೊದಲು ಬಚ್ಚಲು

ಒಳಚರಂಡಿ ಕೆಲಸದ ಮೇಲೆ ಬಾಗಲಕೋಟೆ ಜಿಲ್ಲೆಯ ಊರೂರು ಸುತ್ತಿದವನು ನಾನು. ಕೊಳಚೆ ನೀರಿನ ಮಾತು ಬಂದರೆ ಸಾಕು, ಎಲ್ಲರ ಕಣ್ಣೂ ಶುದ್ಧೀಕರಣ ಘಟಕದ ಕಡೆಗೆ ಹೋಗುತ್ತದೆ: ಎಷ್ಟು ಕೋಟಿ, ಎಷ್ಟು ಎಕರೆ, ಉದ್ಘಾಟನೆ ಯಾವಾಗ. ಆದರೆ ಕೆರೆ ಉಳಿಯುತ್ತದೋ ಕೆಡುತ್ತದೋ ಎಂಬುದು ತೀರ್ಮಾನವಾಗುವುದು ಅದಕ್ಕೂ ಬಹಳ ಮೊದಲು, ಮನೆಯ ಬಚ್ಚಲಿನಲ್ಲಿ.

ಒಳಚರಂಡಿ ಇರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರ್ ನೀರು ಎಂದು ಯೋಜನೆ ಹಾಕುತ್ತಾರೆ. ಅದರಲ್ಲಿ ಶೇ 80ರಷ್ಟು, ಅಂದರೆ 108 ಲೀಟರ್, ಕೊಳಚೆಯಾಗುತ್ತದೆ ಎಂದು ಲೆಕ್ಕ. ಕಕ್ಕಸಿನದು ಸಣ್ಣ ಪಾಲು. ಸ್ನಾನ, ಪಾತ್ರೆ, ಬಟ್ಟೆಯ ನೀರೇ ಹೆಚ್ಚು. ನಮ್ಮ ಕಡೆ ಕಕ್ಕಸಿನದು ಸೆಪ್ಟಿಕ್ ಟ್ಯಾಂಕಿಗೆ, ಬಚ್ಚಲಿನದು ಗಟಾರಕ್ಕೆ. ಬೀದಿಯಲ್ಲಿ ಹೊಸ ಪೈಪು ಹಾಕಿದ ಮಾತ್ರಕ್ಕೆ ಈ ರೂಢಿ ತಪ್ಪುವುದಿಲ್ಲ.

ಒಂದು ಊರಿನಲ್ಲಿ ಘಟಕ ಸಿದ್ಧವಾಗಿತ್ತು. ಅಂದಾಜು ಮಾಡಿದ ನೀರಿನ ಅರ್ಧವೂ ಅಲ್ಲಿಗೆ ಬರುತ್ತಿರಲಿಲ್ಲ. ಓಣಿಯೊಂದರಲ್ಲಿ ಮನೆ ಮುಂದಿನ ಚೇಂಬರಿನ ಮುಚ್ಚಳ ಎತ್ತಿಸಿದೆ. ಒಳಗೆ ಒಣ ಸಿಮೆಂಟು, ಮೂಲೆಯಲ್ಲಿ ಜೇಡರ ಬಲೆ. ಎರಡು ಮೊಳ ಆಚೆ ಗಟಾರದಲ್ಲಿ ಸಾಬೂನಿನ ಬೂದು ನೀರು ಹಳ್ಳದ ದಾರಿ ಹಿಡಿದಿತ್ತು. ಮನೆಯ ಅಜ್ಜಿ ಕೇಳಿದಳು: "ಬಚ್ಚಲ ನೀರು ತಾನ ಗಟಾರಕ್ಕ ಹೋಗತೈತಿ. ಪೈಪಿಗೆ ನಾನ್ಯಾಕ್ರೀ ರೊಕ್ಕ ಕೊಡ್ಲಿ, ಸಾಹೇಬ್ರ?" ನ್ಯಾಯವಾದ ಪ್ರಶ್ನೆ. ಬೀದಿಯ ಪೈಪಿಗೆ ಕೋಟಿಗಟ್ಟಲೆ ಇಟ್ಟ ಅಂದಾಜುಪಟ್ಟಿಯಲ್ಲಿ ಆ ಎರಡು ಮೊಳಕ್ಕೆ ಬಿಡಿಗಾಸೂ ಇರಲಿಲ್ಲ.

ಅಂಥ ಬೂದು ನೀರು ಏನು ಮಾಡಬಲ್ಲದು ಎಂದು ತಿಳಿಯಲು ಬಾದಾಮಿಯ ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಬೇಸಿಗೆಯಲ್ಲಿ ನಿಲ್ಲಬೇಕು. ಎರಡು ಕಡೆ ಕೆಂಪು ಮರಳುಗಲ್ಲಿನ ಬಂಡೆ, ಪಶ್ಚಿಮಕ್ಕೆ ಒಡ್ಡು, ಅದರಾಚೆ ಊರು. ಮಳೆಗಾಲದಲ್ಲಿ ಬಂಡೆಯಿಂದ ಇಳಿದು ಬರುವ ನೀರೇ ಇದರ ಬಂಡವಾಳ. ಬಿಸಿಲು ಏರಿದಂತೆ ನೀರು ಆವಿಯಾಗುತ್ತದೆ, ಅದರಲ್ಲಿ ಕರಗಿದ್ದು ಹಿಂದೆ ಉಳಿಯುತ್ತದೆ. ಒಗೆಯುವ ಪುಡಿಯ ರಂಜಕ, ಕೊಳಚೆಯ ಸಾರಜನಕ ಪಾಚಿಗೆ ಗೊಬ್ಬರ. ಹಗಲಲ್ಲಿ ಹಸಿರಾಗಿ ಹಬ್ಬುವ ಪಾಚಿ ರಾತ್ರಿ ನೀರಿನ ಆಮ್ಲಜನಕವನ್ನು ತಾನೇ ಹೀರುತ್ತದೆ. ಮೀನು ಸಾಯುವುದು ಸಾಮಾನ್ಯವಾಗಿ ಬೆಳಗಿನ ಜಾವಕ್ಕೇ. ಹಾಗೆಂದು ಆ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಹೆಣ್ಣುಮಕ್ಕಳನ್ನು ಓಡಿಸುವುದು ಪರಿಹಾರವಲ್ಲ. ಒಡ್ಡಿನಾಚೆ ನಳ, ಒಗೆಯುವ ಕಲ್ಲು ಕೊಟ್ಟು, ಆ ನೀರನ್ನು ಒಳಚರಂಡಿಗೆ ಬಿಡಬೇಕು. ಚಾಲುಕ್ಯರ ಭೂತನಾಥ ಗುಡಿಯ ಎದುರಿನ ನೀರಿಗೆ ಇಷ್ಟಾದರೂ ಮಾಡಬೇಡವೇ?

ಇಳಕಲ್‌ನ ಸಂಗತಿ ಬೇರೆ. ಸೀರೆಯ ನೂಲಿಗೆ ಬಣ್ಣ ಕಟ್ಟಿದ ನೀರನ್ನು ಮನೆಬಳಕೆಯ ಕೊಳಚೆಯೊಂದಿಗೆ ಬೆರೆಸಲೇಬಾರದು. ಕೊಳಚೆ ತಿನ್ನುವ ಬ್ಯಾಕ್ಟೀರಿಯಾಗಳಿಗೆ ಎಷ್ಟೋ ರಾಸಾಯನಿಕ ಬಣ್ಣಗಳು ದಕ್ಕುವುದಿಲ್ಲ, ಉಪ್ಪಂತೂ ಹಾಗೇ ದಾಟಿಹೋಗುತ್ತದೆ. ಬಣ್ಣದ ಮನೆಗಳೆಲ್ಲ ಸೇರಿ ಬಳಸುವ ಪ್ರತ್ಯೇಕ ಘಟಕವೇ ಬೇಕು. ಒಬ್ಬೊಬ್ಬ ನೇಕಾರನ ತಲೆಗೆ ಕಟ್ಟುವ ಹೊರೆ ಅದಲ್ಲ.

ಬಾಗಲಕೋಟೆಯಲ್ಲಿ ಆಲಮಟ್ಟಿ ಹಿನ್ನೀರು ಊರಿನ ಅಂಚಿಗೇ ಬಂದು ನಿಂತಿದೆ, ಗಟಾರಕ್ಕೂ ಜಲಾಶಯಕ್ಕೂ ಅಂತರವೇ ಕಡಿಮೆ. ಮಲಪ್ರಭೆ ಕೃಷ್ಣೆಯನ್ನು ಸೇರುವ ಕೂಡಲಸಂಗಮ ಹುನಗುಂದ ತಾಲ್ಲೂಕಿನದು. ಮೇಲಿನ ಊರುಗಳು ಬಿಟ್ಟದ್ದರ ಪಾಲು ಅಲ್ಲಿಗೂ ತಲುಪುತ್ತದೆ. ಹುನಗುಂದದಂಥ ಸಣ್ಣ ಊರಿಗೆ ದೇವನಹಳ್ಳಿ ಒಂದು ದಾರಿ ತೋರಿಸಿದೆ: 2015ರಿಂದ ಅಲ್ಲಿ ಸೆಪ್ಟಿಕ್ ಟ್ಯಾಂಕಿನ ಹೂಳನ್ನು ಲಾರಿಯಲ್ಲಿ ತಂದು ಸಂಸ್ಕರಿಸುತ್ತಾರೆ. ಅದು ಹೂಳಿಗಷ್ಟೇ ಮದ್ದು, ಬಚ್ಚಲ ನೀರಿಗಲ್ಲ. ಬಚ್ಚಲ ನೀರಿನ ಶುದ್ಧೀಕರಣಕ್ಕೆ, ಜಾಗ ಸಿಗುವ ಕಡೆ, ಬಿಸಿಲಿಗೆ ತೆರೆದ ಹೊಂಡಗಳೇ ವಾಸಿ ಎಂಬುದು ನನ್ನ ಖಚಿತ ಅಭಿಪ್ರಾಯ. ಕರೆಂಟು ಹೋದರೆ ನಿಲ್ಲುವ ಯಂತ್ರಕ್ಕಿಂತ ನಮ್ಮ ಬಿಸಿಲು ನಂಬಿಕಸ್ಥ.

ಜಿಲ್ಲೆಯ ನಗರಸಭೆ, ಪುರಸಭೆಗಳಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ಅಂದಾಜುಪಟ್ಟಿಯ ಮೊದಲ ಸಾಲಿನಲ್ಲೇ ಮನೆಯಿಂದ ಬೀದಿ ಪೈಪಿನವರೆಗಿನ ಜೋಡಣೆಗೆ ಹಣ ಬರೆಯಿರಿ. ಬಡವರ ಮನೆಗೆ ಅದನ್ನು ಉಚಿತವಾಗಿ ಮಾಡಿಕೊಡಿ.