ಜರೀಗಿಡದ ವರ್ಣತಂತುಗಳೂ ನಮ್ಮ ಅರೇಬಿಕಾ ಕಾಫಿಯೂ

ಸದಸ್ಯ ಬಾಂಧವರೆಲ್ಲರಿಗೂ ಜರೀಗಿಡ ಪರಿಚಿತವೇ. ಅಡಿಕೆ ತೋಟದ ಬಸಿಗಾಲುವೆಯ ಬದಿ, ನೆರಳು ಮರದ ಕಾಂಡ, ಹಳೆಯ ಬಾವಿಯ ಕಲ್ಲುಸಂದಿ, ಹೀಗೆ ತೇವವಿದ್ದಲ್ಲೆಲ್ಲ ಅದು ತಾನಾಗಿ ಹುಟ್ಟುತ್ತದೆ. ಕೊಡಗಿನಲ್ಲಿ ತೆರ್ಮೆ ಸೊಪ್ಪೆಂದು ಪಲ್ಯ ಮಾಡುವುದು ಒಂದು ಜಾತಿಯ ಜರೀಗಿಡದ ಎಳೆಯ ಸುರುಳಿಯನ್ನೇ. ಮಿಕ್ಕವು ನಮ್ಮ ಲೆಕ್ಕದಲ್ಲಿ ಕಳೆ. ಈ ಗಿಡಗಳನ್ನೇ ಹಿಡಿದು ದಶಕಗಳ ಕಾಲ ದುಡಿದ ಇಂಗ್ಲೆಂಡಿನ ಸಸ್ಯವಿಜ್ಞಾನಿ ಐರೀನ್ ಮ್ಯಾಂಟನ್ ಅವರ ಕೆಲಸವನ್ನು ಅರಿತರೆ ಅರೇಬಿಕಾ, ರೊಬಸ್ಟಾಗಳ ಸಂಬಂಧವೂ ಸುಲಭವಾಗಿ ತಿಳಿಯುತ್ತದೆ.

ಮ್ಯಾಂಟನ್ ಹುಟ್ಟಿದ್ದು 1904ರಲ್ಲಿ. ಕೇಂಬ್ರಿಜ್‌ನಲ್ಲಿ ಓದಿ, ಮ್ಯಾಂಚೆಸ್ಟರಿನಲ್ಲಿ ಪಾಠ ಹೇಳಿ, 1946ರಿಂದ 1969ರವರೆಗೆ ಲೀಡ್ಸ್ ವಿಶ್ವವಿದ್ಯಾನಿಲಯದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. 1988ರಲ್ಲಿ ನಿಧನರಾದರು.

ಪ್ರತಿ ಜೀವಕೋಶದಲ್ಲಿಯೂ ವರ್ಣತಂತುಗಳೆಂಬ ಸೂಕ್ಷ್ಮ ಎಳೆಗಳಿರುತ್ತವೆ. ಅರ್ಧ ತಂದೆಯಿಂದ, ಅರ್ಧ ತಾಯಿಯಿಂದ ಬಂದು, ಜೋಡಿಜೋಡಿಯಾಗಿ ನಿಲ್ಲುತ್ತವೆ. ಮನುಷ್ಯನಲ್ಲಿ ಇವು 46. ಜರೀಗಿಡದಲ್ಲಿ ನೂರು ದಾಟುವುದು ಸಾಮಾನ್ಯ. ಆದ್ದರಿಂದ ಎಣಿಸುವುದೇ ದೊಡ್ಡ ತಲೆನೋವು. ಎಲೆಯ ಅಡಿಯಲ್ಲಿ ಕಾಣುವ ಕಂದು ಚುಕ್ಕೆಗಳಲ್ಲಿ (ಹೊಸಬರು ಇದನ್ನು ತುಕ್ಕು ರೋಗವೆಂದುಕೊಳ್ಳುವುದುಂಟು) ಬೀಜಕಣಗಳಿರುತ್ತವೆ. ಅವು ಇನ್ನೂ ಎಳೆಯದಾಗಿರುವಾಗಲೇ ತೆಗೆದು, ಬಣ್ಣ ಹಾಕಿ, ಗಾಜಿನ ನಡುವೆ ಒತ್ತಿ ಚಪ್ಪಟೆ ಮಾಡಿದರೆ ಎಳೆಗಳು ಬಿಡಿಬಿಡಿಯಾಗಿ ಹರಡುತ್ತವೆ. ಈ ಉಪಾಯದಿಂದ ಎಣಿಸಿದ ಫಲವನ್ನು ಅವರು 1950ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಮುಂದೆ ಸಿಲೋನಿನ ಜರೀಗಿಡಗಳನ್ನೂ ಪರಿಶೀಲಿಸಿದರು. ನಮ್ಮ ನೆರೆಯ ತಿರುವನಂತಪುರದಲ್ಲಿ ಅಬ್ರಹಾಂ ಮತ್ತು ನೈನಾನ್ ಎಂಬ ವಿಜ್ಞಾನಿಗಳು 1954ರಲ್ಲಿ ಒಂದು ಪುಟ್ಟ ಜರೀಗಿಡದಲ್ಲಿ 1260 ವರ್ಣತಂತುಗಳನ್ನು ಎಣಿಸಿ ಜಗತ್ತನ್ನೇ ಬೆರಗುಗೊಳಿಸಿದರು!

ಇಂಗ್ಲೆಂಡಿನಲ್ಲಿ ಎಲ್ಲೆಲ್ಲೂ ಬೆಳೆಯುವ 'ಮೇಲ್ ಫರ್ನ್' ಎಂಬ ಜರೀಗಿಡದಲ್ಲಿ 164 ವರ್ಣತಂತುಗಳಿವೆ. ಅದರ ಸಮೀಪದ ಬೆಟ್ಟದ ಜಾತಿಯೊಂದರಲ್ಲಿ 82. ಮ್ಯಾಂಟನ್ ಇವೆರಡರ ಮಿಶ್ರತಳಿಯನ್ನು ಪರೀಕ್ಷಿಸಿದಾಗ 41 ಜೋಡಿಗಳೂ 41 ಒಂಟಿ ಎಳೆಗಳೂ ಕಂಡವು. ಅಂದರೆ ಮೇಲ್ ಫರ್ನಿನ ಅರ್ಧಭಾಗ ಈ ಬೆಟ್ಟದ ಜಾತಿಯದು, ಇನ್ನರ್ಧ ಬೇರೊಂದರದು. ಎರಡು ಜಾತಿಗಳು ಕೂಡಿ, ವರ್ಣತಂತುಗಳು ಇಮ್ಮಡಿಯಾಗಿ, ಮೂರನೆಯ ಜಾತಿ ಹುಟ್ಟಿತ್ತು. ಕಾಣದಿದ್ದ ಆ ಎರಡನೆಯ ಪೂರ್ವಜವನ್ನು 1972ರಲ್ಲಿ ಇತರ ಸಂಶೋಧಕರು ಕಕೇಸಸ್ ಪ್ರದೇಶದ ಜಾತಿಯೊಂದರಲ್ಲಿ ಗುರುತಿಸಿದರು.

ಈಗ ತೋಟಕ್ಕೆ ಬರೋಣ. ರೊಬಸ್ಟಾದಲ್ಲಿ 22 ವರ್ಣತಂತುಗಳು, ಅರೇಬಿಕಾದಲ್ಲಿ 44. ರೊಬಸ್ಟಾ ಕುಲದ ಗಿಡವೂ ಪೂರ್ವ ಆಫ್ರಿಕದ ಯೂಜಿನಿಯಾಯ್ಡಿಸ್ ಎಂಬ ಇನ್ನೊಂದು ಕಾಡು ಕಾಫಿಯೂ ಕೂಡಿ, ಇಮ್ಮಡಿಯಾಗಿ ಹುಟ್ಟಿದ್ದೇ ಅರೇಬಿಕಾ. ಮೇಲ್ ಫರ್ನಿನ ಕಥೆಯೇ ಇದು. ಅರೇಬಿಕಾ, ರೊಬಸ್ಟಾಗಳನ್ನು ಕೂಡಿಸಿದರೆ ಸಾಮಾನ್ಯವಾಗಿ 33 ಬರುತ್ತದೆ. ಹನ್ನೊಂದಕ್ಕೆ ಜೋಡಿ ಸಿಗದೆ ಗಿಡ ಬಂಜೆಯಾಗುತ್ತದೆ. 1920ರ ದಶಕದಲ್ಲಿ ಟಿಮೋರ್ ದ್ವೀಪದಲ್ಲಿ ಕಂಡ ಮಿಶ್ರತಳಿ ಮಾತ್ರ 44 ಹೊತ್ತು ಫಲ ಕೊಟ್ಟಿತು. ರೊಬಸ್ಟಾದ ತುಕ್ಕುನಿರೋಧ ಶಕ್ತಿ ಅದರ ಮೂಲಕವೇ ನಮ್ಮ ಕಾವೇರಿ ತಳಿಗೆ ಬಂದಿದೆ. 795ಕ್ಕೆ ಅದು ಲೈಬೀರಿಕಾದಿಂದ ಬಂದದ್ದು. ಅರೇಬಿಕಾಕ್ಕೆ ತನ್ನದೇ ವೈವಿಧ್ಯ ತೀರ ಕಡಿಮೆ. ತುಕ್ಕು ಹೊಸ ರೂಪ ತಾಳಿದಾಗಲೆಲ್ಲ ನೆಂಟರ ಮನೆಗೇ ಹೋಗಬೇಕು. ಕಾಡು ಕಾಫಿಗಳ ಸಂಗ್ರಹಕ್ಕೆ ವ್ಯಯಿಸುವ ಹಣವನ್ನು ದಂಡವೆನ್ನುವವರು ಇದನ್ನು ಗಮನಿಸಬೇಕು.

ಬೀಜದ ವಿಷಯದಲ್ಲಿ ಒಂದು ಮಾತು. ಅರೇಬಿಕಾ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಸ್ಥಿರಗೊಂಡ ತಳಿಯ ಒಳ್ಳೆಯ ಗಿಡದ ಬೀಜ ಬಹುಮಟ್ಟಿಗೆ ತಾಯಿಯಂತೆಯೇ ಬರುತ್ತದೆ. ರೊಬಸ್ಟಾ ಹಾಗಲ್ಲ, ಅದಕ್ಕೆ ಬೇರೆ ಗಿಡದ ಪರಾಗ ಬೇಕೇ ಬೇಕು. ಆದಕಾರಣ ತೋಟದ ಅತ್ಯುತ್ತಮ ರೊಬಸ್ಟಾ ಗಿಡವನ್ನು ಹೆಚ್ಚಿಸಬಯಸುವವರು ಬೀಜ ಹಾಕದೆ, ನೆಟ್ಟನೆಯ ಚಿಗುರಿನಿಂದ ಕಸಿ ಕಟ್ಟುವುದು ಅಥವಾ ತುಂಡು ಬೇರೂರಿಸುವುದು ಲೇಸು.